ಬಿಸಿನೀರಿನ ಊರಿನಲ್ಲಿ ಮಂಗಳವಾರದ ಪಾಳಿ

ಜಪಾನಿಗೆ ಬಂದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಓಣಿಯ ಗಟಾರಕ್ಕೆ ಒಂದು ಬಕೆಟ್ ನೀರು ಸುರಿದದ್ದು. ಮಹಡಿಯಿಂದ ಇಳಿದು ಬೀದಿಬಾಗಿಲು ತೆಗೆದರೆ ಎದುರಿನ ಗಟಾರದ ಮುಚ್ಚಳದ ಸಂದಿಯಿಂದ ಬುಸುಬುಸು ಬಿಳಿ ಹೊಗೆ ಬರುತ್ತಿತ್ತು. ಪಕ್ಕದ ಮನೆಯ ಗೋಡೆಯ ಬುಡದಿಂದಲೂ ಹೊಗೆ. ತಲೆ ಎತ್ತಿ ನೋಡಿದರೆ ಗುಡ್ಡದ ಇಳಿಜಾರಿನ ತುಂಬ, ಮನೆಗಳ ನಡುನಡುವೆ ಹೊಗೆಯೇ ಹೊಗೆ. ಸಾಲದ್ದಕ್ಕೆ ಕೊಳೆತ ಮೊಟ್ಟೆಯ ವಾಸನೆ ಬೇರೆ. ಓಣಿಗೆ ಬೆಂಕಿ ಬಿದ್ದಿದೆ, ಈ ಜನ ಹಾಯಾಗಿ ಮಲಗಿದ್ದಾರೆ ಎಂದುಕೊಂಡು "ಬೆಂಕಿ ಬಿದ್ದೈತ್ರೀ, ಏಳ್ರೀ!" ಎಂದು ಕೂಗುತ್ತ ಅಡುಗೆಮನೆಯ ಬಕೆಟ್ ತಂದು ಸುರಿದೆ. ಹೊಗೆ ನನ್ನನ್ನು ಕ್ಯಾರೇ ಅನ್ನಲಿಲ್ಲ.

ಎದುರು ಮನೆಯ ಮುಂದೆ ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿದರು, ಬಕೆಟ್ ನೋಡಿದರು, ಕಸಬರಿಗೆಯನ್ನು ಗೋಡೆಗೆ ಆನಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಂದು ನನ್ನ ಕೈ ಹಿಡಿದು ಆ ಹೊಗೆಯ ಮೇಲೆ ಒಡ್ಡಿದರು. ಅದು ಹೊಗೆಯಲ್ಲ, ಹಬೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅದೇ ಬಿಸಿ, ಅದೇ ತೇವ. ಆ ಅಜ್ಜಿಯ ಹೆಸರು ಫುಮಿಕೊ. ಇಲ್ಲಿ ಹೆಸರಿನ ಕೊನೆಗೆ 'ಸಾನ್' ಸೇರಿಸಬೇಕು. ನಮ್ಮಲ್ಲಿ ಅಕ್ಕಾರು, ಕಾಕಾರು ಅನ್ನುವ ಹಾಗೆ ಅದು ಮರ್ಯಾದೆಯ ಮಾತು. ಅವತ್ತಿನಿಂದ ಅವರು ನನ್ನ ಪಾಲಿನ ಫುಮಿಕೊಸಾನ್.

ಊರಿನ ಹೆಸರು ಬೆಪ್ಪು. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ. ರಾಣೆಬೆನ್ನೂರಿನ ನಮ್ಮ ಬಳಗವೆಲ್ಲ ನಕ್ಕು ಸಾಕಾಗಿದೆ. ಜಪಾನಿನ ದಕ್ಷಿಣದ ದ್ವೀಪದಲ್ಲಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಕುದಿಯುವ ನೆಲ. ರಾಣೆಬೆನ್ನೂರಿನ ಪಕ್ಕದ ನಮ್ಮ ಹಲಗೇರಿಯಲ್ಲಿ ಬೋರು ಕೊರೆಸಿದರೆ ನೀರು ಬಿದ್ದೀತೋ ಇಲ್ಲವೋ ಎಂದು ಊರೇ ನಿಂತು ನೋಡುತ್ತದೆ. ಇಲ್ಲಿ ಎಲ್ಲಿ ಚುಚ್ಚಿದರೂ ನೀರು, ಅದೂ ಕಾಯಿಸಿ ಇಟ್ಟದ್ದು. ನನಗೆ ಮೊದಲು ಬಂದದ್ದು ಆಶ್ಚರ್ಯವಲ್ಲ, ಸಿಟ್ಟು. ಸೌದೆ ಒಟ್ಟಿ ಹಂಡೆ ಕಾಯಿಸಿ ಹೊಗೆ ಕುಡಿದು ಬೆಳೆದವಳು ನಾನು; ಈ ಭೂತಾಯಿ ಇವರಿಗೆ ಮಾತ್ರ ಯಾಕೆ ಇಷ್ಟು ಮುದ್ದು ಮಾಡಬೇಕು?

ನಮ್ಮವರು ರಾಣೆಬೆನ್ನೂರಿನಲ್ಲಿ ಖಾನಾವಳಿ ನಡೆಸುತ್ತಿದ್ದವರು. ಪರಿಚಯದವರೊಬ್ಬರು ಬೆಪ್ಪುವಿನಲ್ಲಿ ಭಾರತದ ಊಟದ ಹೋಟೆಲು ಹಾಕಿ, ಅಡುಗೆಗೆ ಕೈ ಬೇಕೆಂದು ಇವರನ್ನು ಕರೆಸಿಕೊಂಡರು. ನಾನು ಹಲಗೇರಿಯ ಹೊಲಗಳಲ್ಲಿ ಬೀಜದ ಕಂಪನಿಗಳ ಟೊಮೆಟೊ ಹೂವಿಗೆ ಕ್ರಾಸಿಂಗ್ ಮಾಡುತ್ತಿದ್ದವಳು. ಸಂಜೆ ಮೊಗ್ಗಿನೊಳಗಿನ ಗಂಡುಭಾಗವನ್ನು ಚಿಮುಟದಿಂದ ತೆಗೆಯುವುದು, ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವುದು. ಆರು ತಿಂಗಳ ನಂತರ ನನ್ನನ್ನೂ ಕರೆಸಿಕೊಂಡರು. ಮನೆ ಹೇಗಿದೆ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ "ಮಸ್ತ್ ಐತಿ, ಎರಡು ಖೋಲಿ, ಸಮುದ್ರ ಕಾಣತೈತಿ" ಅನ್ನುತ್ತಿದ್ದರು. ಬಂದು ನೋಡಿದೆ. ಎರಡು ಖೋಲಿ ಇತ್ತು, ಕಿಟಕಿಯಿಂದ ಕುತ್ತಿಗೆ ಚಾಚಿದರೆ ಸಮುದ್ರವೂ ಇತ್ತು. ಬಚ್ಚಲು ಇರಲಿಲ್ಲ.

"ಜಳಕದ ಮನಿ ಎಲ್ಲೈತ್ರಿ?"

ಇವರು ಕತ್ತು ಕೆರೆದುಕೊಂಡರು. "ಅದು ಓಣಿ ತುದ್ಯಾಗ ಐತಿ. ಎಲ್ಲಾರೂ ಅಲ್ಲೇ ಮಾಡತಾರ. ಹೆಣ್ಣಮಕ್ಕಳಿಗೆ ಬ್ಯಾರೆ, ಗಂಡಸರಿಗೆ ಬ್ಯಾರೆ."

"ಒಳಗ ಒಬ್ಬೊಬ್ಬರಿಗೆ ಒಂದೊಂದು ಖೋಲಿ ಐತೇನು?"

"ಇಲ್ಲ."

"ಮತ್ತ ಬಟ್ಟಿ?"

ಇವರು ಹೋಟೆಲಿಗೆ ಹೊತ್ತಾಯಿತೆಂದು ಎದ್ದು ಹೋದರು. ಆ ಮನುಷ್ಯನ ಮೇಲೆ ಅವತ್ತು ಬಂದಷ್ಟು ಸಿಟ್ಟು ಮದುವೆಯಾದಂದಿನಿಂದ ಬಂದಿರಲಿಲ್ಲ.

ಬೆಪ್ಪುವಿನ ಹಳೆಯ ಓಣಿಗಳ ರೀತಿ ಇದು. ಕೆಳಗೆ ಬಿಸಿನೀರಿನ ತೊಟ್ಟಿ, ಮೇಲೆ ಓಣಿಯವರು ಕೂಡಿ ಮಾತಾಡುವ ಹಾಲು. ಇಂಥ ಬಿಸಿನೀರಿನ ಬುಗ್ಗೆಗೂ, ಅದರ ಸ್ನಾನಕ್ಕೂ 'ಒನ್‌ಸೆನ್' ಎಂದೇ ಹೆಸರು. ನಮ್ಮ ಓಣಿಯದು ಹದಿಮೂರು ಮನೆಗಳ ಸ್ವಂತದ್ದು. ತಿಂಗಳಿಗಿಷ್ಟು ಕೊಟ್ಟರೆ ಮನೆಗೊಂದು ಕೀಲಿ. ಬಾಡಿಗೆಯವರಾದ ನಮಗೂ ಒಂದು ಕೊಟ್ಟಿದ್ದರು. ಆ ಕೀಲಿಯನ್ನು ನಾನು ಹತ್ತು ದಿನ ಮುಟ್ಟಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಲಂಗ ಎದೆಗೆ ಕಟ್ಟಿಕೊಂಡು, ಬಕೆಟ್ಟಿನಲ್ಲಿ ಕಾಗೆಸ್ನಾನ ಮಾಡಿದೆ. ನೀರು ಸಂದಿಯಲ್ಲಿ ಇಳಿದು ಕೆಳಗಿನ ಮನೆಯ ಅಟ್ಟ ತೊಯ್ದು, ಆ ಮನೆಯಾಕೆ ಬಂದು ಹತ್ತು ಸಲ ಬಾಗಿ, ತೊಂದರೆಗೆ ಕ್ಷಮಿಸಿ ಎಂದರು. ತೊಂದರೆ ಮಾಡಿದವಳು ನಾನು, ಕ್ಷಮೆ ಕೇಳಿದವರು ಅವರು! ನಾಚಿಕೆಯಿಂದ ಸತ್ತೇಹೋದೆ.

ಮರುದಿನ ಫುಮಿಕೊಸಾನ್ ಬಂದು ನನ್ನ ಕೈ ಹಿಡಿದು ಕರೆದುಕೊಂಡೇ ಹೋದರು. ಎಪ್ಪತ್ತೆಂಟರ ಹೆಂಗಸು, ಹಿಡಿತ ಮಾತ್ರ ಹೊಲದಲ್ಲಿ ಕುಂಟೆ ಹೊಡೆದವರದು. ಯಾಕೆಂದು ಆಮೇಲೆ ಗೊತ್ತಾಯಿತು. ಇಲ್ಲಿನ ಸಮುದ್ರದಂಡೆಯಲ್ಲಿ ಮರಳುಸ್ನಾನ ಎಂಬ ಒಂದು ವಿಚಿತ್ರವಿದೆ. ಹತ್ತಿಯ ನಿಲುವಂಗಿ ತೊಟ್ಟು ಮಲಗಿದರೆ, ಕೆಳಗಿನ ಬುಗ್ಗೆಯಿಂದ ಬಿಸಿಯಾದ ಮರಳನ್ನು ಸಲಿಕೆಯಿಂದ ಎಳೆದು ಕುತ್ತಿಗೆವರೆಗೆ ಹೂಳುತ್ತಾರೆ. ಹೂಳುವವರೆಲ್ಲ ಹೆಂಗಸರೇ. ಫುಮಿಕೊಸಾನ್ ತಮ್ಮ ಜೀವಮಾನವಿಡೀ ದೇಶದೇಶದ ಪ್ರವಾಸಿಗರನ್ನು ಹೀಗೆ ಹೂಳಿ, ಕಾಲು ಗಂಟೆಗೆ ಮತ್ತೆ ಎಬ್ಬಿಸಿ ಕಳಿಸಿದವರು. ಆ ಮರಳೊಳಗೆ ನಾನೂ ಮಲಗಿದ್ದೇನೆ. ಮೊದಲು ಎದೆಯ ಮೇಲೆ ಭಾರ, ಆಮೇಲೆ ಕಾಲ ಬೆರಳಲ್ಲಿ ಸ್ವಂತ ನಾಡಿ ಬಡಿಯುವುದು ಕೇಳುತ್ತದೆ, ಆಮೇಲೆ ನಿದ್ದೆ.

ಇಲ್ಲೊಂದು ಮಾತು. ಫುಮಿಕೊಸಾನ್ ಆಡುವುದು ಜಪಾನಿ, ಆದರೆ ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಾಗಿಯೇ ಬೀಳುತ್ತದೆ. ಹಾಗೇ ಬರೆಯುತ್ತೇನೆ.

"ಮೊದಲ ಸಣ್ಣ ಮಣಿ ಮ್ಯಾಲೆ ಕುಂದ್ರು. ಚಂದಂಗ ತೊಳ್ಕೊ. ಮೈಮ್ಯಾಲೆ ಸಾಬಣ ಉಳಿಬಾರದು, ಕೂದಲ ತೊಟ್ಟಿಗೆ ಬೀಳಬಾರದು, ವಸ್ತ್ರ ನೀರಾಗ ಅದ್ದಬಾರದು. ಆಮ್ಯಾಲೆ ಇಳಿ. ತೊಟ್ಟಿ ಎಲ್ಲಾರ್ದು."

ನಾನು ಕಣ್ಣು ಮುಚ್ಚಿಕೊಂಡು ಇಳಿದೆ. ಮುಚ್ಚಿಕೊಂಡದ್ದು ಸುಮ್ಮನೆ, ಯಾರೂ ನೋಡುತ್ತಿರಲಿಲ್ಲ. ನಾಲ್ಕು ಜನ ಅಜ್ಜಿಯರು ಗಲ್ಲದವರೆಗೆ ಮುಳುಗಿ, ಸೌತೆಕಾಯಿ ಉಪ್ಪಿನಕಾಯಿ ಹಾಕುವ ಬಗ್ಗೆ ಜಗಳಾಡುತ್ತಿದ್ದರು. ಬಿಸಿನೀರು ಸೊಂಟಕ್ಕೆ, ಬೆನ್ನಿಗೆ, ಹೆಗಲಿಗೆ ಏರಿತು. ವಿಮಾನದ ದಣಿವು, ಹತ್ತು ದಿನದ ಅಳು, ಗಂಡನ ಮೇಲಿನ ಸಿಟ್ಟು ಎಲ್ಲ ಕರಗಿ ಇಳಿದುಹೋಯಿತು. "ಅಯ್ಯಯ್ಯೋ ಶಿವನೇ" ಎಂದು ಬಾಯಿಂದ ತಾನಾಗಿ ಹೊರಟಿತು. ಅಜ್ಜಿಯರು ಉಪ್ಪಿನಕಾಯಿ ಬಿಟ್ಟು ನನ್ನತ್ತ ತಿರುಗಿ "ಹೌದಲ್ಲ?" ಅನ್ನುವಂತೆ ತಲೆಯಾಡಿಸಿದರು. ಅಷ್ಟು ಸುಖ ನನಗೆ ಗೊತ್ತೇ ಇರಲಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಒಂದೇ ಚಿಂತೆ. "ಅಲ್ಲಾ, ಮೈಮ್ಯಾಲೆ ಒಂದು ನೂಲೂ ಇಲ್ಲದಂಗ?"

"ಇಲ್ಲವ್ವಾ."

"ಎಲ್ಲಾರೂ?"

"ಎಲ್ಲಾರೂ."

ಆಮೇಲೆ ಮೆತ್ತಗೆ, "ನೀರು ಬಿಸಿ ಇರತಾವೇನ?" ಎಂದಳು. ದಿನವೆಲ್ಲ ಹೊಲದಲ್ಲಿ ಬಗ್ಗಿ ಕ್ರಾಸಿಂಗ್ ಮಾಡುವ ಅವಳ ಸೊಂಟ ಆ ಪ್ರಶ್ನೆ ಕೇಳಿತ್ತು.

ಗುಡ್ಡದ ಮೇಲಿನ ಬೀದಿಯಲ್ಲಿ ಹಬೆ ಅಡುಗೆಯ ಕಟ್ಟೆಗಳಿವೆ. ನೆಲದಿಂದ ಬರುವ ಹಬೆಯ ಮೇಲೆ ಕಲ್ಲಿನ ಗೂಡು ಕಟ್ಟಿ, ಬಿದಿರಿನ ಬುಟ್ಟಿಯಲ್ಲಿ ತರಕಾರಿ, ಮೊಟ್ಟೆ, ಮೀನು ಇಟ್ಟು ಮುಚ್ಚುತ್ತಾರೆ. ಬೆಂಕಿಯಿಲ್ಲ, ಗ್ಯಾಸಿಲ್ಲ. ಬುಟ್ಟಿ ಇಳಿಸಿ ಎತ್ತುವ ಕೆಲಸ ನನಗೆ ಸಿಕ್ಕಿತು. ಪ್ರವಾಸಿಗರು ತಮ್ಮ ಬುಟ್ಟಿಯ ಮುಂದೆ ಮಕ್ಕಳ ಹಾಗೆ ಕಾಯುತ್ತಾರೆ. ಸಿಹಿಗೆಣಸು ಬೆಂದು ಬಂದರೆ ಮೇಲೆ ಸಣ್ಣ ಉಪ್ಪಿನ ರುಚಿ ತಾನಾಗಿ ಹತ್ತಿರುತ್ತದೆ. ಒಂದು ದಿನ ನಾನು ಅಕ್ಕಿಹಿಟ್ಟು, ಬೆಲ್ಲ, ಕೊಬ್ಬರಿ ತಂದು ಕಡುಬು ಬೇಯಿಸಿದೆ. ಕಟ್ಟೆಯ ಯಜಮಾನಿ ಒಂದು ತಿಂದು, ಇನ್ನೊಂದನ್ನು ಎಲೆಯಲ್ಲಿ ಸುತ್ತಿ ಗಂಡನಿಗೆಂದು ಬಚ್ಚಿಟ್ಟುಕೊಂಡರು.

ಕೆಲಸದ ಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇಲ್ಲಿನ ನರಕಗಳು. ಹೌದು, 'ಜಿಗೊಕು' ಎಂದರೆ ನರಕ. ಕುದಿಯುವ ಹೊಂಡಗಳಿಗೆ ಆ ಹೆಸರು. ಒಟ್ಟು ಏಳಿವೆ, ಟಿಕೆಟ್ ತೆಗೆದು ನೋಡಬೇಕು. ದುಡ್ಡು ಕೊಟ್ಟು ನರಕಕ್ಕೆ ಹೋಗುವ ಜನ ಬೇರೆಲ್ಲಿದ್ದಾರೋ ಕಾಣೆ. ಒಂದು ಹೊಂಡ ನವಿಲಿನ ಕತ್ತಿನ ನೀಲಿ. ಇನ್ನೊಂದರಲ್ಲಿ ಬೂದಿ ಬಣ್ಣದ ಕೆಸರು ಗುಳುಂ ಗುಳುಂ ಎಂದು ಬೋಳುತಲೆಗಳ ಹಾಗೆ ಉಬ್ಬಿ ಒಡೆಯುತ್ತದೆ. ಮತ್ತೊಂದು ಕಡೆ ಆ ಬಿಸಿಯಲ್ಲೇ ಮೊಸಳೆ ಸಾಕಿದ್ದಾರೆ. ಇನ್ನೊಂದಂತೂ ಕೆಂಪು. ಪ್ರವಾಸಿಗರಿಗೆ ಅದು ರಕ್ತ. ನನಗೆ ಅದನ್ನು ನೋಡಿದ ಕೂಡಲೇ ಬ್ಯಾಡಗಿಯ ಮಾರ್ಕೆಟ್ಟು, ಮೆಣಸಿನಕಾಯಿಯ ರಾಶಿ, ಅದರ ಘಾಟು ಎಲ್ಲ ಒಮ್ಮೆಗೇ ಬಂದು ಸೀನು ಬಂತು. ನಿಜವಾಗಿಯೂ ಸೀನಿದೆ.

ಫುಮಿಕೊಸಾನ್ ಎಪ್ಪತ್ತೆಂಟು ವರ್ಷ ಇದೇ ಊರಲ್ಲಿದ್ದು ಒಂದು ನರಕವನ್ನೂ ನೋಡಿರಲಿಲ್ಲ. "ಅದು ಪರವೂರವರಿಗೆ" ಅಂದರು. ನಕ್ಕೆ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಹಲಗೇರಿಯಲ್ಲಿ ಹುಟ್ಟಿ, ಬೆಳೆದು, ಮದುವೆಯಾಗಿ, ಒಂದು ಕೊಂಬನ್ನೂ ನೋಡದೆ ಜಪಾನಿಗೆ ಬಂದವಳು. ಒಂದು ರಜೆಯ ದಿನ ಇಬ್ಬರೂ ಏಳು ನರಕ ಸುತ್ತಿದೆವು. ನೀಲಿ ಹೊಂಡದಲ್ಲಿ ಬುಟ್ಟಿ ಇಳಿಬಿಟ್ಟು ಬೇಯಿಸಿದ ಮೊಟ್ಟೆ ತಿಂದೆವು. ಫುಮಿಕೊಸಾನ್ ಮೊಸಳೆಗೆ ಕೈ ಬೀಸಿದರು.

ಮೊದಲ ವರ್ಷದ ದೀಪಾವಳಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಎರಡನೆಯ ವರ್ಷ, ಅಂದರೆ ಈ ಸಲ, ಮಾಡಿಯೇ ತೀರಬೇಕೆಂದು ಹಟ ಹಿಡಿದೆ. ನಮ್ಮಲ್ಲಿ ಹಬ್ಬ ಶುರುವಾಗುವುದೇ ನೀರು ತುಂಬುವುದರಿಂದ. ಹಂಡೆ ಬೆಳಗಿ, ನೀರು ತುಂಬಿ ಪೂಜೆ ಮಾಡಿ, ಮರುದಿನ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಬೇಕು. ಇಡೀ ಊರೇ ಬಿಸಿನೀರಾಗಿರುವಾಗ ಇದಕ್ಕಿಂತ ಒಳ್ಳೆಯ ಹಂಡೆ ಬೇಕೆ? ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಯಿಂದ ಹಿಮ್ಮಡಿಯವರೆಗೆ ಹಚ್ಚಿಕೊಂಡು ಹೋದೆ. ಯಾರೂ ಬಂದಿರಲಿಲ್ಲ. ಮಣೆಯ ಮೇಲೆ ಕೂತು ಕಡಲೆಹಿಟ್ಟಿನಿಂದ ಉಜ್ಜಿಕೊಂಡೆ. ಆದರೆ ಪೂರ್ತಿ ತೆಗೆಯಲಿಲ್ಲ. ಹಬ್ಬದ ದಿನ ಎಣ್ಣೆಯ ಜಿಡ್ಡು ಒಂದಿಷ್ಟು ಮೈಮೇಲೆ ಉಳಿಯಬೇಕು ಎಂದು ಅವ್ವ ಕಲಿಸಿದ್ದಳು. ಸಾಬಣ ಇರಬಾರದೆಂದು ಫುಮಿಕೊಸಾನ್ ಹೇಳಿದ್ದರು, ಸಾಬಣ ಇರಲಿಲ್ಲ. ಧೈರ್ಯವಾಗಿ ತೊಟ್ಟಿಗೆ ಇಳಿದು ಅರ್ಧ ಗಂಟೆ ಕೂತೆ.

ಎದ್ದು ನೋಡಿದರೆ ನೀರಿನ ಮೇಲೆಲ್ಲ ಎಣ್ಣೆಯ ಕಣ್ಣುಗಳು. ಸಾರಿನ ಪಾತ್ರೆಯ ಮೇಲೆ ಒಗ್ಗರಣೆ ತೇಲಿದ ಹಾಗೆ. ಬಾಗಿಲು ಸರಿದು ಅಜ್ಜಿಯರು ಒಳಗೆ ಬಂದರು. ನೋಡಿದರು. ಯಾರೂ ಏನೂ ಅನ್ನಲಿಲ್ಲ. ಬಟ್ಟೆ ಮತ್ತೆ ತೊಟ್ಟುಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ 'ಇವತ್ತು ಸ್ನಾನವಿಲ್ಲ' ಎಂಬ ಚೀಟಿ ಬಿತ್ತು. ತೊಟ್ಟಿ ಖಾಲಿ ಮಾಡಿ, ಕಲ್ಲು ತಿಕ್ಕಿ, ಮತ್ತೆ ನೀರು ತುಂಬಲು ಇಡೀ ದಿನ ಹಿಡಿಯಿತು. ನಾನು ಸೆರಗು ಸಿಕ್ಕಿಸಿ ಬ್ರಷ್ ಹಿಡಿದು ಓಡಿದರೆ, "ಬೇಡ ಬೇಡ, ನಿಮಗೆ ಯಾಕೆ ತೊಂದರೆ" ಎಂದು ನಗುನಗುತ್ತ ನನ್ನನ್ನು ಹೊರಗೆ ನಿಲ್ಲಿಸಿದರು. ಹಲಗೇರಿಯಲ್ಲಾಗಿದ್ದರೆ ಓಣಿ ಒಂದಾಗಿ ನನ್ನ ಜನ್ಮ ಜಾಲಾಡುತ್ತಿತ್ತು, ಸಂಜೆಗೆ ಎಲ್ಲ ಮುಗಿದು ಒಬ್ಬರ ಮನೆಯ ಚಹಾ ಒಬ್ಬರು ಕುಡಿಯುತ್ತಿದ್ದೆವು. ಇಲ್ಲಿನ ಆ ನಗು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ಉರಿಯಿತು.

ಅವ್ವನಾದರೂ ಬೈದಳು, ಪುಣ್ಯ. "ಅಲ್ಲಾ, ಕುಡಿಯೋ ನೀರಿನ ಬಾವ್ಯಾಗ ಎಮ್ಮಿ ಇಳಿಸಿದಂಗ ಮಾಡೀದಲ್ಲ! ಬುದ್ಧಿ ಎಲ್ಲಿಟ್ಟಿದ್ದಿ?"

"ನೀನ ಹೇಳಿದ್ದಿ, ಎಣ್ಣಿ ಮೈಮ್ಯಾಲೆ ಉಳೀಬೇಕಂತ."

"ನಮ್ಮ ಬಚ್ಚಲದಾಗ ಹೇಳಿದ್ದೆ, ಮಂದಿ ಬಚ್ಚಲದಾಗಲ್ಲ!"

ಫುಮಿಕೊಸಾನ್ ಬಂದು ಸುದ್ದಿ ಕೊಟ್ಟರು. ಭಾನುವಾರ ಮೇಲಿನ ಹಾಲಿನಲ್ಲಿ ಸಭೆ, ಬಾಡಿಗೆಯವರ ಕೀಲಿ ತಿರುಗಿ ಪಡೆಯಬೇಕೇ ಎಂದು ಮಾತು. ಕೀಲಿ ಹೋದರೆ ಓಣಿಯೂ ಹೋದ ಹಾಗೆ. ಬಚ್ಚಲಿಲ್ಲದ ಮನೆಯಲ್ಲಿ ಹೇಗಿರುವುದು? ಇವರು ಆಗಲೇ ಸೋತಿದ್ದರು. "ನಾವ ಕೀಲಿ ಕೊಟ್ಟಬಿಡೋಣ. ಬ್ಯಾರೆ ಮನಿ ನೋಡತೀನಿ, ಬಚ್ಚಲ ಇದ್ದದ್ದು." ಎರಡು ವರ್ಷದ ಹಿಂದೆ ಇದೇ ಮಾತಿಗೆ ಕುಣಿದಾಡುತ್ತಿದ್ದೆ. ಈಗ ಕೇಳಿ ಅಳು ಬಂತು. ನನಗೆ ಬಚ್ಚಲು ಬೇಕಿರಲಿಲ್ಲ, ಆ ತೊಟ್ಟಿ ಬೇಕಿತ್ತು. ಆ ಅಜ್ಜಿಯರ ಉಪ್ಪಿನಕಾಯಿಯ ಜಗಳ ಬೇಕಿತ್ತು.

ಭಾನುವಾರ ಚಾಪೆಯ ಮೇಲೆ ಎಲ್ಲರೂ ಮಂಡಿಯೂರಿ ಕೂತರು. ಓಣಿಯ ಹಿರಿಯ ಗೋತೊಸಾನ್ ನಿಯಮ ಓದಿದರು. ಒಬ್ಬಾಕೆ ಮೃದುವಾಗಿ "ಅವರಿಗೂ ಕಷ್ಟ, ನಮಗೂ ಕಷ್ಟ" ಎಂದರು. ಇಷ್ಟು ದಿನದಲ್ಲಿ ನಾನು ಕಲಿತದ್ದೇನೆಂದರೆ, ಇಲ್ಲಿ ಮಾತು ಮೃದುವಾದಷ್ಟೂ ಅರ್ಥ ಗಟ್ಟಿ. ಇವರು ಕೀಲಿ ತೆಗೆಯಲು ಜೇಬಿಗೆ ಕೈ ಹಾಕಿದರು. ನನ್ನ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಪಾಳಿಯ ಹಲಗೆ: ಏಳು ದಿನ, ದಿನಕ್ಕೆ ಎರಡು ಮನೆ ತೊಟ್ಟಿ ತೊಳೆಯಬೇಕು, ಮನೆಗೊಂದು ಮರದ ಚೀಟಿ. ಹದಿಮೂರೇ ಚೀಟಿ. ಮಂಗಳವಾರದ ಕೆಳಗೆ ಫುಮಿಕೊಸಾನ್ ಅವರದೊಂದೇ.

ನನಗೆ ಅದೆಲ್ಲಿತ್ತೋ ಸಿಟ್ಟು, ಎದ್ದು ನಿಂತೇ ಬಿಟ್ಟೆ. ಅಲ್ಲಿ ಹಾಗೆ ಯಾರೂ ನಿಲ್ಲುವುದಿಲ್ಲ. ಮುರುಕು ಜಪಾನಿಯಲ್ಲಿ ಹೇಳಿದೆ: "ತಪ್ಪು ನನ್ನದು. ಆದರೆ ನೀವು ನನಗೆ ಕೀಲಿ ಕೊಟ್ಟಿರಿ, ಪಾಳಿ ಕೊಡಲಿಲ್ಲ. ನಮ್ಮೂರಲ್ಲಿ ಹೊಲಕ್ಕೆ ನೀರು ಬಿಡಲು ಪಾಳಿ ಇರುತ್ತದೆ. ಪಾಳಿ ಇದ್ದವರು ಊರವರು, ಇಲ್ಲದವರು ಬೀಗರು. ಬೀಗರನ್ನು ಯಾರೂ ಬೈಯುವುದಿಲ್ಲ, ನಕ್ಕು ಕಳಿಸುತ್ತಾರೆ. ನನ್ನನ್ನು ಎರಡು ವರ್ಷದಿಂದ ಬೀಗತಿ ಮಾಡಿ ಕೂರಿಸಿದ್ದೀರಿ. ನನಗೆ ಪಾಳಿ ಕೊಡಿ. ಮೊದಲು ಬೈಯಿರಿ, ಆಮೇಲೆ ಕೊಡಿ."

ಗೋತೊಸಾನ್ ಕನ್ನಡಕ ತೆಗೆದು ಒರೆಸಿದರು. "ನೀವು ಎಷ್ಟು ವರ್ಷ ಇಲ್ಲಿರುತ್ತೀರಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ 'ಸಾಯುವವರೆಗೆ' ಎಂದು ಬಂದಿತ್ತು. "ಗೊತ್ತಿಲ್ಲ. ಒಂದಲ್ಲ ಒಂದು ದಿನ ಹೋಗುತ್ತೇನೆ. ಇರುವಷ್ಟು ದಿನ ತಿಕ್ಕುತ್ತೇನೆ" ಎಂದೆ.

ಆಗ ಫುಮಿಕೊಸಾನ್ ಬಾಯಿ ತೆರೆದರು. "ಮಂಗಳವಾರ ನಾ ಒಬ್ಬಾಕಿನ ತಿಕ್ಕತೇನಿ. ನನ್ನ ಸೊಂಟ ನಿಮಗ್ಯಾರಿಗೂ ಕಾಣಲಿಲ್ಲ. ಈಕಿ ರಟ್ಟಿ ನೋಡ್ರಿ, ಎಷ್ಟ ಗಟ್ಟಿ ಅದಾವ. ನನಗ ಈಕಿ ಬೇಕು."

ಗೋತೊಸಾನ್ ಎಲ್ಲರ ಮುಖ ನೋಡಿದರು. ಒಬ್ಬೊಬ್ಬರೇ ತಲೆಯಾಡಿಸಿದರು, ಆ ಮೃದುಮಾತಿನಾಕೆ ಎಲ್ಲರಿಗಿಂತ ಕೊನೆಗೆ. ಆಮೇಲೆ ಗೋತೊಸಾನ್ ನನ್ನತ್ತ ತಿರುಗಿ, ಬೆನ್ನು ನೆಟ್ಟಗೆ ಮಾಡಿ, ಹಾಲು ನಡುಗುವ ಹಾಗೆ ಕೂಗಿದರು: "ಎಣ್ಣೆ ಹಚ್ಚಿಕೊಂಡು ತೊಟ್ಟಿಗೆ ಇಳಿಯಬೇಡಿ!"

ಯಾರೋ ಕಿಸಕ್ ಅಂದರು, ಇಡೀ ಹಾಲೇ ನಗತೊಡಗಿತು. ಗೋತೊಸಾನ್ ಕೂಡ ನಕ್ಕು ಕೆಮ್ಮಿ ಕಣ್ಣೊರೆಸಿಕೊಂಡರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಇವರು ಜೇಬಿನಿಂದ ಕೈ ಹೊರಗೆ ತೆಗೆದರು.

ಚೀಟಿಯ ಮೇಲೆ ಮನೆತನದ ಹೆಸರು ಬೇಕು. ಫುಮಿಕೊಸಾನ್ ಕುಂಚ ಹಿಡಿದು ಕೂತರು. ನಮ್ಮ ಕಡೆ ಅಡ್ಡಹೆಸರೆಂದರೆ ಬಹಳ ಸಲ ಹಿರಿಯರ ಊರೇ. ನಮ್ಮವರ ಅಜ್ಜ ಕುಪ್ಪೇಲೂರಿನಿಂದ ಬಂದವರು, ಹಾಗಾಗಿ ನಾವು ಕುಪ್ಪೇಲೂರ. ಅಲ್ಲಿ ಈಗ ನಮ್ಮದು ಮನೆಯಿಲ್ಲ, ಹೊಲವಿಲ್ಲ. ನಾನು ಬಸ್ಸಿನಲ್ಲಿ ಎರಡು ಸಲ ಹೋಗಿಬಂದದ್ದು ಬಿಟ್ಟರೆ ನೋಡಿದ್ದೂ ಇಲ್ಲ. ಬಿಟ್ಟು ಬಂದ ಊರನ್ನು ಹೆಸರಿಗೆ ಅಂಟಿಸಿಕೊಂಡು ಓಡಾಡುವುದು ನಮಗೆ ಹೊಸದಲ್ಲ. ಫುಮಿಕೊಸಾನ್ ನಾಲ್ಕು ಸಲ ಹೇಳಿಸಿಕೊಂಡು ಬರೆದರು. ಹಲಗೆಯಲ್ಲಿ ಮಂಗಳವಾರದ ಕೆಳಗೆ ಈಗ ಎರಡು ಚೀಟಿ.

ಅದರ ಫೋಟೊವನ್ನು ಅವ್ವನಿಗೆ ಕಳಿಸಿದೆ. ಅವಳು ಅದನ್ನು ಹೊಲದಲ್ಲಿ ಕ್ರಾಸಿಂಗಿನ ಹೆಂಗಸರಿಗೆಲ್ಲ ತೋರಿಸಿ ಬಂದಳಂತೆ. ಸಂಜೆ ಫೋನು ಬಂತು.

"ಏನಂತ ಬರದೈತಿ ಅದರಾಗ?"

"ಕುಪ್ಪೇಲೂರ ಅಂತ, ಅವ್ವಾ."

"ಜಪಾನದಾಗ?"

"ಹೂಂ."

ಅವ್ವ ಖುಷಿಯಿಂದ ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ ಅವಳಿಗೆ ಗಾಬರಿ. "ಬ್ಯಾಸಿಗ್ಯಾಗ ಒಂದು ತಿಂಗಳ ಊರಿಗೆ ಬರತೇನಿ ಅಂದಿದ್ಯಲ್ಲ, ಆವಾಗ ಮಂಗಳವಾರ ಯಾರ ತಿಕ್ಕತಾರ? ಆ ಮುದುಕಿ ಒಬ್ಬಾಕಿನ?"

"ನೀ ಕಾಳಜಿ ಮಾಡಬ್ಯಾಡವ್ವಾ, ನೋಡೋಣಂತ" ಎಂದೆ. ಹಲಗೇರಿಯ ಮನೆ, ಅವ್ವನ ಕೈಯ ರೊಟ್ಟಿ, ಅಣ್ಣನ ಮಕ್ಕಳು, ಎಲ್ಲ ನೆನೆದು ನೆನೆದು ದಿನ ಎಣಿಸುತ್ತಿದ್ದವಳು ನಾನು. ವಿಮಾನದ ಟಿಕೆಟ್ಟಿನ ತಾರೀಖು ನೋಡಿದ ಕೂಡಲೇ, ಎಲ್ಲಕ್ಕಿಂತ ಮೊದಲು, ನಾಲ್ಕು ಮಂಗಳವಾರ ತಪ್ಪುತ್ತವೆ ಎಂದು ಮನಸ್ಸು ಹಳಹಳಿಸಿದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.